ಮೇಸನ್ ಬೇಟ್ಸ್ ಅವರ ‘ಆಲ್ಟರ್ನೇಟಿವ್ ಎನರ್ಜಿ’: ಲ್ಯಾಪ್‌ಟಾಪ್ ಪಕ್ಕವಾದ್ಯವೋ, ಯಜಮಾನನೋ?

ಅರೋರಾದ ಕನ್ನಡಿಗ

ಮೊನ್ನೆ ಭಾನುವಾರ ಇಲ್ಲಿ ಶಿಕಾಗೊ ಪಕ್ಕದ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಬರುವಾಗ ಕಾರಿನಲ್ಲಿ, ವಾದ್ಯವೃಂದಕ್ಕೂ ಲ್ಯಾಪ್‌ಟಾಪಿಗೂ ಮೇಸನ್ ಬೇಟ್ಸ್ ಬರೆದ ‘ಆಲ್ಟರ್ನೇಟಿವ್ ಎನರ್ಜಿ’ ಹಾಕಿದ್ದೆ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಮಗಳು, “ಅಪ್ಪಾ, ಇದರಲ್ಲಿ ಮನುಷ್ಯರು ನುಡಿಸುತ್ತಿರುವುದು ಯಾವುದು, ಕಂಪ್ಯೂಟರ್ ನುಡಿಸುತ್ತಿರುವುದು ಯಾವುದು?” ಎಂದು ಕೇಳಿದಳು. ಸುಮಾರು 25 ನಿಮಿಷದ ಕೃತಿ. ಮೂರು ಕಡೆ ನನಗೆ ಉತ್ತರ ಹೊಳೆಯಲಿಲ್ಲ. ಎರಡು ಕಡೆ ಉತ್ತರ ತೀರಾ ಸುಲಭವಾಗಿತ್ತು. ಆ ಸುಲಭವೇ ನನಗೆ ಹಿಡಿಸಲಿಲ್ಲ.

ಕೇಳದವರಿಗಾಗಿ ಸ್ವಲ್ಪ ಹಿನ್ನೆಲೆ. ಬೇಟ್ಸ್ 1977ರಲ್ಲಿ ಹುಟ್ಟಿದ ಅಮೆರಿಕನ್ ರಚನಕಾರರು. ವಾದ್ಯವೃಂದಕ್ಕೆ ಬರೆಯುವುದನ್ನೂ ಕ್ಲಬ್ಬುಗಳಲ್ಲಿ ಡಿಜೆಯಾಗಿ ನುಡಿಸುವುದನ್ನೂ ಜೊತೆಜೊತೆಗೆ ನಡೆಸಿಕೊಂಡು ಬಂದವರು. ಕಂಡಕ್ಟರ್, ಅಂದರೆ ಕೈಸನ್ನೆಯಿಂದ ವಾದ್ಯವೃಂದವನ್ನು ನಡೆಸುವ ರಿಕಾರ್ಡೊ ಮುಟಿ 2010ರಲ್ಲಿ ಶಿಕಾಗೊ ಸಿಂಫನಿ ವಾದ್ಯವೃಂದದ ಸಂಗೀತ ನಿರ್ದೇಶಕರಾದಾಗ ಬೇಟ್ಸ್ ಮತ್ತು ಆನಾ ಕ್ಲೈನ್ ಇಬ್ಬರೂ ಅಲ್ಲಿನ ನಿವಾಸಿ ರಚನಕಾರರಾದರು, ಅಂದರೆ ಆ ವಾದ್ಯವೃಂದದ ಜೊತೆಗಿದ್ದು ಅದಕ್ಕಾಗಿ ಬರೆಯುವವರು. ವರ್ಡಿಯ ಆಪೆರಾಗಳಲ್ಲಿ ಬೆಳೆದ ಮುಟಿಯವರು ಡಿಜೆ ಒಬ್ಬರನ್ನು ಆರಿಸಿದ್ದು ನನಗಂತೂ ಆಗ ವಿಚಿತ್ರವಾಗಿ ಕಂಡಿತ್ತು. 2012ರ ಫೆಬ್ರವರಿಯಲ್ಲಿ ಈ ಕೃತಿಯ ಮೊದಲ ಪ್ರದರ್ಶನ. ಆ ವಾರದ ಒಂದು ಸಂಜೆ ನಾನು ಮಿಷಿಗನ್ ಅವೆನ್ಯೂವಿನ ಸಭಾಂಗಣದ ಮೇಲಿನ ಗ್ಯಾಲರಿಯಲ್ಲಿ, ಕೋಟನ್ನು ತೊಡೆಯ ಮೇಲೆ ಮಡಿಸಿಕೊಂಡು ಕುಳಿತಿದ್ದೆ. ತಾಳವಾದ್ಯಗಳ ಸಾಲಿನಲ್ಲಿ ಲ್ಯಾಪ್‌ಟಾಪು, ಡ್ರಮ್ ಪ್ಯಾಡು ಇಟ್ಟುಕೊಂಡು ಬೇಟ್ಸ್ ಅವರೇ ಇದ್ದರು.

ನಾಲ್ಕು ಭಾಗಗಳಿವೆ. ಮೊದಲನೆಯದು ‘ಫೋರ್ಡ್ಸ್ ಫಾರ್ಮ್, 1896’. ಹೆನ್ರಿ ಫೋರ್ಡ್ ತನ್ನ ಮೊದಲ ಗಾಡಿಯನ್ನು ಕಟ್ಟಿದ ವರ್ಷ ಅದು. ಗುಜರಿ ಸಾಮಾನಿನ ಬಡಿತ, ಅದರ ನಡುವೆ ಒಂಟಿ ವಯಲಿನ್ ಹಳ್ಳಿಯ ಧಾಟಿಯೊಂದನ್ನು ನುಡಿಸುತ್ತದೆ. ಉಳಿದ ವಾದ್ಯಗಳು ನೆರಳಿನಂತೆ ಅದರ ಹಿಂದೆ ಬರುತ್ತವೆ. ಮೋಟಾರಿನ ಹ್ಯಾಂಡಲ್ ತಿರುಗಿಸಿದಾಗಿನ ಲಯ, ನಿಧಾನಕ್ಕೆ ಶುರುವಾಗಿ ಬಿರುಸಾಗುವಂಥದ್ದು, ಇಲ್ಲಿಂದ ಹುಟ್ಟಿ ಕೊನೆಯವರೆಗೂ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಎರಡನೆಯದು ‘ಶಿಕಾಗೊ, 2012’. ಇದರಲ್ಲಿ ನಮ್ಮ ಮನೆಯಿಂದ ಸ್ವಲ್ಪವೇ ದೂರದಲ್ಲಿರುವ ಕಣಭೌತಶಾಸ್ತ್ರದ ಪ್ರಯೋಗಾಲಯ ಫರ್ಮಿಲ್ಯಾಬ್‌ನಲ್ಲಿ ಮುದ್ರಿಸಿಕೊಂಡ ಯಂತ್ರದ ಸದ್ದುಗಳಿವೆ. ಅಲ್ಲಿನ ದೊಡ್ಡ ಕಣ ವೇಗವರ್ಧಕ ಯಂತ್ರ ಟೆವಟ್ರಾನ್ 2011ರ ಸೆಪ್ಟೆಂಬರ್ 30ರಂದೇ ನಿಂತುಹೋಗಿತ್ತು. ನಿಂತ ನಾಲ್ಕು ತಿಂಗಳಿಗೆ ಆ ಆವರಣದ ಸದ್ದನ್ನು ಸಿಂಫನಿ ಸಭಾಂಗಣದಲ್ಲಿ ಕೇಳುವುದು ಒಂಥರಾ ವೈಕುಂಠ ಸಮಾರಾಧನೆಯಂತಿತ್ತು. ಆ ಆವರಣದಲ್ಲಿ ಬೈಸನ್ ಮಂದೆ ಮೇಯುತ್ತದೆ. ಮಗಳಿಗೆ ಫರ್ಮಿಲ್ಯಾಬ್ ಎಂದರೆ ಇಂದಿಗೂ ಅಷ್ಟೇ.

ಮೂರನೆಯದು ‘ಶಿನ್‌ಜಿಯಾಂಗ್ ಪ್ರಾಂತ್ಯ, 2112’, ನಾಲ್ಕನೆಯದು ‘ರೇಕ್ಯವಿಕ್, 2222’. ಒಂದರಲ್ಲಿ ಚೀನಾದ ಅಣುಸ್ಥಾವರ ಕರಗಿಹೋಗುತ್ತದೆ. ಇನ್ನೊಂದರಲ್ಲಿ ಭೂಮಿ ಕಾದು ಐಸ್‌ಲ್ಯಾಂಡಿನಲ್ಲಿ ಮಳೆಕಾಡು ಬೆಳೆದಿರುತ್ತದೆ.

ನನ್ನ ತಕರಾರು ಎರಡನೆಯ ಭಾಗದ್ದು. ಬೀಟ್ ಶುರುವಾದ ಮೇಲೆ ಮುಟಿಯವರ ಕೈ ಕಟ್ಟಿಹಾಕಿದಂತೆ ಕಂಡಿತು. ಲ್ಯಾಪ್‌ಟಾಪ್ ಮುಂದೆ, ನೂರು ಜನ ಹಿಂದೆ. ನಿಮಗೇನು ಅನಿಸುತ್ತದೆ?

ಸುಮ್ಮನೆ ಓದುವವನು

ನಮ್ಮೂರಿನಲ್ಲಿ ಆರ್ಕೆಸ್ಟ್ರಾ ಎಂದರೆ ರಸಮಂಜರಿ, ಡಿಜೆ ಎಂದರೆ ಗಣೇಶನ ಮೆರವಣಿಗೆ. ಎರಡೂ ಒಂದೇ ವೇದಿಕೆಯಲ್ಲಿ ಎಂದು ಶೀರ್ಷಿಕೆ ನೋಡಿ ಓಡಿಬಂದೆ. ಪೊಲೀಸ್ ಅನುಮತಿ ಹೇಗೆ ಸಿಕ್ಕಿತು ಎಂಬುದೇ ನನ್ನ ಪ್ರಶ್ನೆ.

ತನಿಯಾವರ್ತನ

ನಗು ಬಂದರೂ ಡಿಜೆ ಎಂಬ ಮಾತು ಇಲ್ಲಿ ಮುಖ್ಯವೇ. ಕನ್ನಡಿಗರೇ, ನಿಮ್ಮ ತಕರಾರು ನನಗೆ ಹೊಟ್ಟೆಗೇ ಮುಟ್ಟಿತು, ಏಕೆಂದರೆ ಆ ಕಷ್ಟವನ್ನು ನಾನು ಉಂಡಿದ್ದೇನೆ.

ನಾನು ಮೈಸೂರಿನವನು, ಮೃದಂಗ ನುಡಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಭರತನಾಟ್ಯ ಕಾರ್ಯಕ್ರಮಕ್ಕೆ ಕರೆದಿದ್ದರು. ಹಾಡು, ನಟ್ಟುವಾಂಗ, ಪಿಟೀಲು ಎಲ್ಲ ಪೆನ್‌ಡ್ರೈವಿನಲ್ಲಿ. ಮೃದಂಗ ಮಾತ್ರ ಜೀವಂತವಾಗಿರಲಿ ಎಂದು ಯಾರೋ ದೊಡ್ಡ ಮನಸ್ಸು ಮಾಡಿದ್ದರು. ‘ವರ್ಣ’ ಎಂಬ ದೊಡ್ಡ ನೃತ್ಯಬಂಧದ ಮಧ್ಯದಲ್ಲಿ ಹುಡುಗಿಯ ಗೆಜ್ಜೆ ಸಡಿಲವಾಯಿತು. ಅವಳು ಅರ್ಧ ಆವರ್ತ ಹಿಂದೆ ಬಿದ್ದಳು. ಹಾಡುಗಾರರು ಎದುರಿಗಿದ್ದರೆ ಸಾಹಿತ್ಯದ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡು ಅವಳನ್ನು ಕಾಯುತ್ತಿದ್ದರು. ಪೆನ್‌ಡ್ರೈವಿಗೆ ಕಣ್ಣಿಲ್ಲ. ನಾನು ಹಾಡಿನ ಜೊತೆ ಹೋಗಲೋ, ಹುಡುಗಿಯ ಜೊತೆ ನಿಲ್ಲಲೋ? ಹುಡುಗಿಯ ಜೊತೆ ನಿಂತೆ. ಸಭಿಕರಿಗೆ ಮೃದಂಗದವನೇ ತಾಳ ತಪ್ಪಿದ ಎಂದು ಕಂಡಿತು. ಊಟದ ಹೊತ್ತಿನಲ್ಲಿ ಅದನ್ನು ಮುಖಕ್ಕೇ ಹೇಳಿದವರೂ ಇದ್ದರು.

ಹಾಗಾಗಿ ನನ್ನ ಪ್ರಶ್ನೆ ಸರಳ. ಮುಟಿ ಒಂದು ಸಾಲನ್ನು ಸ್ವಲ್ಪ ಎಳೆದರೆ ಆ ಲ್ಯಾಪ್‌ಟಾಪ್ ಕಾಯುತ್ತದೆಯೋ ಇಲ್ಲವೋ?

ಧ್ವನಿಮುದ್ರಕ

ಕಾಯುತ್ತದೆ, ಕಾಯುವುದಿಲ್ಲ, ಎರಡೂ ನಿಜ. ಕೃತಿಯ ಯಾವ ಜಾಗ ಎಂಬುದರ ಮೇಲೆ ಹೋಗುತ್ತದೆ.

ಪೆನ್‌ಡ್ರೈವಿನ ಉದಾಹರಣೆಯಲ್ಲಿ ಆರಂಭದಿಂದ ಕೊನೆಯವರೆಗೆ ಒಂದೇ ಹಾಡು, ಒಂದೇ ಗುಂಡಿ. ಬೇಟ್ಸ್ ಹಾಗೆ ಮಾಡುವುದಿಲ್ಲ. ಸದ್ದುಗಳನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಒಂದೊಂದನ್ನೂ ಪ್ಯಾಡಿಗೋ ಕೀಲಿಗೋ ಕಟ್ಟಿರುತ್ತಾರೆ. ನುಡಿಸುವವರು ಸ್ವರಲಿಪಿ ನೋಡಿಕೊಂಡು, ಕಂಡಕ್ಟರ್ ಕೈ ನೋಡಿಕೊಂಡು ಅದನ್ನು ತಟ್ಟುತ್ತಾರೆ. ಜಾಗಟೆ ಬಾರಿಸುವವನು ಎಷ್ಟು ಸ್ವತಂತ್ರನೋ ಅವರೂ ಅಷ್ಟೇ. ಹಾಗಾಗಿ ಹಕ್ಕಿಯ ಕೂಗು, ಯಂತ್ರದ ಗುಂಯ್‌ಗುಡುವಿಕೆ, ನೀರಿನ ಸದ್ದು ಇಂಥವುಗಳಲ್ಲಿ ಮುಟಿ ಎಷ್ಟು ಬೇಕಾದರೂ ಎಳೆಯಬಹುದು.

ಬೀಟ್ ಬಂದಾಗ ಮಾತ್ರ ಕಥೆ ಬೇರೆ. ತುಣುಕಿನ ಒಳಗೇ ತಾಳ ಇರುತ್ತದೆ. ಅದು ನಿಮಿಷಕ್ಕೆ 130 ಎಣಿಕೆಯಲ್ಲಿ ಓಡುತ್ತಿದ್ದರೆ ವಾದ್ಯವೃಂದವೂ 130ರಲ್ಲೇ ಓಡಬೇಕು. ಇಂಥ ಕೃತಿಗಳಲ್ಲಿ ಕಂಡಕ್ಟರ್ ಕಿವಿಗೆ ಕ್ಲಿಕ್ ಟ್ರ್ಯಾಕ್, ಅಂದರೆ ಎಣಿಕೆ ಹೇಳುವ ಟಿಕ್‌ಟಿಕ್ ಸದ್ದು, ಕೊಡುವ ರೂಢಿಯೂ ಇದೆ.

ಇದರ ಮೇಲೆ ದೂರದ ಕಾಟ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಿಂದಿನ ಸಾಲಿನ ಡ್ರಮ್ ಕಂಡಕ್ಟರ್‌ನಿಂದ 12 ಮೀಟರ್ ದೂರ ಇದ್ದರೆ ಅದರ ಸದ್ದು 35 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 130ರ ಓಟದಲ್ಲಿ ಒಂದು ಎಣಿಕೆಯ ಕಾಲುಭಾಗ ಎಂದರೆ 115 ಮಿಲಿಸೆಕೆಂಡ್. ಅದರ ಮೂರನೇ ಒಂದು ಪಾಲು ಗಾಳಿಯಲ್ಲೇ ಕಳೆದುಹೋಯಿತು! ಪಳಗಿದ ವಾದ್ಯವೃಂದ ಇದನ್ನು ಅರಿವಿಲ್ಲದೆಯೇ ಸರಿದೂಗಿಸುತ್ತದೆ, ಹಿಂದಿನವರು ಕೂದಲೆಳೆಯಷ್ಟು ಮುಂಚಿತವಾಗಿ ಬಾರಿಸುತ್ತಾರೆ. ಸ್ಪೀಕರ್‌ಗೆ ಆ ಅಭ್ಯಾಸ ಇಲ್ಲ. ಅದನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಅರ್ಧ ಕೃತಿ ನಿಂತಿದೆ. ವೇದಿಕೆಯ ಮೇಲೆ ವಾದ್ಯಗಳ ನಡುವೆ ಇಟ್ಟರೆ ಬೆರೆಯುತ್ತದೆ. ಸಭಾಂಗಣದ ಎರಡೂ ಬದಿಗೆ ತೂಗುಹಾಕಿದರೆ ‘ಸುಮ್ಮನೆ ಓದುವವನು’ ಹೇಳಿದ ಮೆರವಣಿಗೆಯೇ ಆಗುತ್ತದೆ.

ಇನ್ನೊಂದು: ಶ್ರುತಿ. ಕೆಲವು ವಾದ್ಯವೃಂದಗಳು 440 ಹರ್ಟ್ಸ್‌ಗೆ, ಕೆಲವು 442ಕ್ಕೆ ಕೂಡಿಸಿಕೊಳ್ಳುತ್ತವೆ. ಮುದ್ರಿಸಿದ ಸ್ವರ 440ರಲ್ಲಿದ್ದರೆ ಅಷ್ಟೂ ತುಣುಕುಗಳನ್ನು ಮೊದಲೇ ಏರಿಸಿಡಬೇಕು. ಮಧ್ಯದಲ್ಲಿ ಬಿಸಿಗೆ ಊದುವಾದ್ಯಗಳು ಏರುತ್ತಾ ಹೋದರೆ ಲ್ಯಾಪ್‌ಟಾಪ್ ಏರುವುದಿಲ್ಲ.

ಹಳೆಯ ರೇಡಿಯೊ

ಇಷ್ಟು ಸಂಭ್ರಮ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. 1924ರಲ್ಲೇ ಇಟಲಿಯ ರಚನಕಾರ ರೆಸ್ಪೀಘಿ ತಮ್ಮ ರೋಮಿನ ಪೈನ್ ಮರಗಳ ಕೃತಿಯಲ್ಲಿ ಬುಲ್‌ಬುಲ್ ಜಾತಿಯದಲ್ಲ, ನಿಜವಾದ ನೈಟಿಂಗೇಲ್ ಹಕ್ಕಿಯ ಹಾಡನ್ನು ಗ್ರಾಮಫೋನಿನಿಂದ ಕೇಳಿಸಿದ್ದರು. ಫಿನ್‌ಲ್ಯಾಂಡಿನ ರೌತಾವಾರಾ 1972ರಲ್ಲಿ ಆರ್ಕ್ಟಿಕ್ ಕಡೆಯ ಹಕ್ಕಿಗಳ ಟೇಪಿಗೂ ವಾದ್ಯವೃಂದಕ್ಕೂ ಕಾನ್ಸರ್ಟೊ ಬರೆದರು. ಐಸ್‌ಲ್ಯಾಂಡಿನ ಹಕ್ಕಿಗಳಿಗೆ 2222ರವರೆಗೆ ಕಾಯಬೇಕಾಗಿರಲಿಲ್ಲ.

ನಿಜವಾದ ಧೈರ್ಯ ಬೇಕಾದರೆ ರಚನಕಾರ ವರೇಸ್‌ರ ‘ದೆಸೇರ್’ ಕೇಳಿ. 1954ರ ಡಿಸೆಂಬರ್ 2, ಪ್ಯಾರಿಸ್. ಕಾರ್ಯಕ್ರಮದಲ್ಲಿ ಮೊಜಾರ್ಟ್ ಮತ್ತು ಚೈಕೋವ್‌ಸ್ಕಿ ನಡುವೆ ಇದನ್ನು ಇಟ್ಟರು. ಊದುವಾದ್ಯ, ಪಿಯಾನೊ, ತಾಳವಾದ್ಯಗಳು ಸ್ವಲ್ಪ ಹೊತ್ತು. ಆಮೇಲೆ ಅವು ಸುಮ್ಮನಾಗಿ ಟೇಪಿನಿಂದ ಕಾರ್ಖಾನೆಯ ಸದ್ದು. ಸಭೆಯಲ್ಲಿ ಕೂಗಾಟ, ಶಿಳ್ಳೆ. ರೇಡಿಯೊದಲ್ಲಿ ನೇರಪ್ರಸಾರ ಬೇರೆ, ಹಾಗಾಗಿ ಗಲಾಟೆ ಮನೆಮನೆಗೂ ಹೋಯಿತು. ಅಲ್ಲಿ ಯಂತ್ರ ಮತ್ತು ಮನುಷ್ಯ ಸ್ನೇಹಿತರೆಂದು ನಟಿಸುವುದಿಲ್ಲ. ಸರದಿಯ ಮೇಲೆ ಮಾತನಾಡುತ್ತಾರೆ, ಅಷ್ಟೇ.

ಬೆರೆಯಲೇಬೇಕೆಂದರೆ ಜೊನಾಥನ್ ಹಾರ್ವಿಯವರ ‘ಸ್ಪೀಕಿಂಗ್ಸ್’, 2008. ಅದರಲ್ಲಿ ಮೊದಲೇ ಮುದ್ರಿಸಿದ ಬೀಟ್ ಇಲ್ಲ. ವಾದ್ಯಗಳ ಸದ್ದನ್ನೇ ಆ ಕ್ಷಣದಲ್ಲಿ ಕಂಪ್ಯೂಟರ್ ತಿರುಚಿ ಮನುಷ್ಯರ ಮಾತಿನ ಆಕಾರ ಕೊಡುತ್ತದೆ. ವಾದ್ಯವೃಂದ ಮಗುವಿನಂತೆ ತೊದಲುತ್ತಾ ಮಾತು ಕಲಿಯುತ್ತದೆ. ಅಲ್ಲಿ ಯಂತ್ರ ಕಿವಿಗೊಡುತ್ತದೆ. ಬೇಟ್ಸ್ ಅವರಲ್ಲಿ ಯಂತ್ರ ಬರೀ ಬಾಯಿ.

ಅರೋರಾದ ಕನ್ನಡಿಗ

ರೇಡಿಯೊ ರಾಯರೇ, ಹಾರ್ವಿಯವರದನ್ನು ನಾನೂ ಒಪ್ಪುತ್ತೇನೆ, ಅದು ಅದ್ಭುತ. ಆದರೆ ಬೇಟ್ಸ್ ಬೇರೆ ಊರಿಗೆ ಹೊರಟವರು. 1954ರಿಂದ ಈ ಕಡೆ ಎಲೆಕ್ಟ್ರಾನಿಕ್ ಎಂದರೆ ಬಹುಮಟ್ಟಿಗೆ ಸದ್ದಿನ ಬಣ್ಣ, ಸದ್ದಿನ ಮೋಡ. ಕುಣಿತದ ಬೀಟನ್ನು ಸಿಂಫನಿಯ ಒಳಗೆ ತಂದವರು ಕಡಿಮೆ. ಮೋಡ ತಂದರೆ ತಾಳದ ಜಗಳವೇ ಇಲ್ಲ. ಬೀಟ್ ತಂದರೆ ತನಿಯಾವರ್ತನ ಅವರ ಜಗಳ ಬಾಗಿಲಲ್ಲೇ ನಿಂತಿರುತ್ತದೆ. ಗೊತ್ತಿದ್ದೂ ತಂದಿದ್ದಾರೆ ಎಂಬುದಕ್ಕೆ ಸ್ವಲ್ಪ ಅಂಕ ಕೊಡಿ.

ಮುದ್ರಿತ ಸದ್ದನ್ನು ಕಥೆಗೆ ಕಟ್ಟುವುದು ಇವರಿಗೆ ಹಳೆಯ ಅಭ್ಯಾಸ. 2007ರ ‘ಲಿಕ್ವಿಡ್ ಇಂಟರ್‌ಫೇಸ್’ನಲ್ಲಿ ಅಂಟಾರ್ಕ್ಟಿಕಾದ ಹಿಮನದಿ ಒಡೆದು ಸಮುದ್ರಕ್ಕೆ ಬೀಳುವ ಸದ್ದಿದೆ. 2009ರ ‘ಬಿ-ಸೈಡ್ಸ್’ನಲ್ಲಿ 1965ರ ಜೆಮಿನಿ 4 ಯಾನದ ರೇಡಿಯೊ ಸಂಭಾಷಣೆ ಇದೆ, ಎಡ್ ವೈಟ್ ಬಾಹ್ಯಾಕಾಶದಲ್ಲಿ ತೇಲುತ್ತಾ ಆಡಿದ ಮಾತು. ಕಥೆಯ ಆಸೆ ಅತಿಯಾಯಿತು ಎಂದು ಬೈಯುವುದಾದರೆ ನಾನೂ ಜೊತೆಗೂಡುತ್ತೇನೆ.

ಅಡಿಕೆ ತೋಟ

ನಮಸ್ಕಾರ. ಸಾಗರದ ಕಡೆಯವನು. ಸಿಂಫನಿ ಎಂದರೆ ನನಗೆ ಏನೂ ಗೊತ್ತಿಲ್ಲ. ಮಗ ಹೆಡ್‌ಫೋನ್ ಕೊಟ್ಟ ಎಂದು ನಿನ್ನೆ ರಾತ್ರಿ ಮೊದಲ ಭಾಗ ಕೇಳಿದೆ. ಒಂದು ವಿಷಯ ಮಾತ್ರ ನಾನು ಹೇಳಬಲ್ಲೆ, ಅದು ಹ್ಯಾಂಡಲ್ ಲಯದ್ದು.

ನಮ್ಮ ತೋಟದಲ್ಲಿ ಕೈಯಿಂದ ತಿರುಗಿಸುವ ಹಳೆಯ ಡೀಸೆಲ್ ಎಂಜಿನ್ ಇದೆ. ಕರೆಂಟು ಕೈಕೊಟ್ಟಾಗ ಪಂಪಿಗೆ ಅದೇ ಗತಿ. ಎಡಗೈಯಲ್ಲಿ ಮೇಲಿನ ಚಿಕ್ಕ ಲಿವರ್ ಎತ್ತಿ ಹಿಡಿಯಬೇಕು, ಆಗ ಒಳಗಿನ ಗಾಳಿ ಎದುರು ಒದೆಯುವುದಿಲ್ಲ. ಬಲಗೈಯಲ್ಲಿ ಹ್ಯಾಂಡಲ್. ಮೊದಲ ಸುತ್ತು ಸಾವಿರ ಮಣ ಭಾರ. ಎರಡನೆಯದು ಸ್ವಲ್ಪ ಹಗುರ. ಐದಾರು ಸುತ್ತಿಗೆ ಗಾಲಿಗೆ ಓಟ ಸಿಗುತ್ತದೆ, ಆಗ ಲಿವರ್ ಬಿಡಬೇಕು. ಬಿಟ್ಟ ತಕ್ಷಣ ಒಂದು ಅರೆಗಳಿಗೆ ಎಲ್ಲ ನಿಂತಂತೆ ಆಗಿ, ‘ಢಪ್’ ಎನ್ನುತ್ತದೆ. ಆಮೇಲೆ ಅದರ ಪಾಡಿಗೆ ಅದು. ಹ್ಯಾಂಡಲನ್ನು ಆ ಹೊತ್ತಿಗೆ ಎಳೆದುಕೊಳ್ಳದಿದ್ದರೆ ಮಣಿಕಟ್ಟು ಮುರಿಯುತ್ತದೆ. ನಮ್ಮ ಅಪ್ಪಯ್ಯನದು ಒಮ್ಮೆ ಮುರಿದಿತ್ತು.

ಆ ಕೃತಿಯಲ್ಲಿ ಬಿರುಸಾಗುವುದು ಸರಿಯಾಗಿ ಬಂದಿದೆ. ಆದರೆ ಹೊತ್ತಿಕೊಳ್ಳುವ ಮೊದಲಿನ ಆ ನಿಲುಗಡೆ ಇನ್ನೂ ಸ್ವಲ್ಪ ಇರಬೇಕಿತ್ತು ಎಂದು ನನಗೆ ಅನಿಸಿತು. ತಪ್ಪಿದ್ದರೆ ಕ್ಷಮಿಸಿ.

ತನಿಯಾವರ್ತನ

ಅಣ್ಣಾ, ತಪ್ಪೇನು ಬಂತು! ನೀವು ಹೇಳಿದ ಆ ಅರೆಗಳಿಗೆಗೆ ನಮ್ಮಲ್ಲಿ ‘ಕಾರ್ವೆ’ ಎನ್ನುತ್ತಾರೆ. ತೀರ್ಮಾನದ, ಅಂದರೆ ಮುಕ್ತಾಯದ ಜತಿಯ, ಕೊನೆಯ ಹೊಡೆತಕ್ಕೆ ಮೊದಲು ಬಿಡುವ ಜಾಗ. ಮೃದಂಗದವನ ಯೋಗ್ಯತೆ ಗೊತ್ತಾಗುವುದು ಅಲ್ಲಿ. ಬೀಟ್ ಮೆಷಿನ್ನಿಗೆ ಅದನ್ನೂ ಲೆಕ್ಕ ಹಾಕಿ ಹೇಳಿಕೊಡಬಹುದು, ಆದರೆ ಇವತ್ತಿನ ಸಭೆಗೆ ಎಷ್ಟು ಬೇಕು ಎಂಬುದು ಅದಕ್ಕೆ ತಿಳಿಯುವುದಿಲ್ಲ.

ವೀಣಾಪಾಠ

ಎಲ್ಲರೂ ಯಂತ್ರವನ್ನು ಹೊರಗಿನಿಂದ ಬಂದ ನೆಂಟ ಎನ್ನುವಂತೆ ಮಾತನಾಡುತ್ತಿದ್ದೀರಿ. ನಮ್ಮ ಕಚೇರಿಯಲ್ಲಿ ಆ ನೆಂಟ ಬಂದು ಎಷ್ಟು ವರ್ಷವಾಯಿತು ಲೆಕ್ಕ ಹಾಕಿ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಕೊಳಲು ನುಡಿಸುವ ಎಂಜಿನಿಯರ್. ಅವರು ರಾಡೆಲ್ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದದ್ದು 1970ರ ದಶಕದ ಕೊನೆಯಲ್ಲಿ. ಇಂದು ತಂಬೂರಿ ಮೀಟುವ ಶಿಷ್ಯೆಯನ್ನು ಹುಡುಕಿಕೊಂಡು ಹೋಗುವವರು ಎಷ್ಟು ಜನ? ನನ್ನ ಪಾಠದ ಕೋಣೆಯಲ್ಲೂ ಪೆಟ್ಟಿಗೆಯೇ. ಹೊಸ ಮಕ್ಕಳು ಪೆಟ್ಟಿಗೆಯನ್ನೂ ತರುವುದಿಲ್ಲ, ಮೊಬೈಲಿನಲ್ಲೇ ತಂಬೂರಿ. ಕಳೆದ ನವರಾತ್ರಿಯಲ್ಲಿ ನಮ್ಮ ಬಡಾವಣೆಯ ಗೊಂಬೆ ಹಬ್ಬದಲ್ಲಿ ಒಬ್ಬ ಹುಡುಗಿ ತೋಡಿ ಆಲಾಪನೆಯನ್ನು ತಾರಸ್ಥಾಯಿಗೆ ಒಯ್ದು ನಿಲ್ಲಿಸಿದ್ದಳು. ಸಾಲ ಬೇಕೇ ಎಂದು ಯಾರದೋ ಕರೆ ಬಂತು. ತಂಬೂರಿ ಮಾಯ. ಹುಡುಗಿ ಮಾತ್ರ ಆ ಗಾಂಧಾರದಲ್ಲಿ ಅಲ್ಲಾಡದೆ ನಿಂತಿದ್ದಳು, ಶ್ರುತಿ ಇಲ್ಲದೆ, ಪೂರ್ತಿ ಕರೆ ಮುಗಿಯುವವರೆಗೆ. ಅವತ್ತಿನ ಅತ್ಯುತ್ತಮ ಸಂಗೀತ ಅದೇ ಎಂದು ನಾನು ಇಂದಿಗೂ ಹೇಳುತ್ತೇನೆ.

ಇನ್ನು ಕೃತಿಯ ವಿಷಯ. ಕೊನೆಯ ಭಾಗದಲ್ಲಿ ತಂತಿವಾದ್ಯಗಳನ್ನು ಬೆರಳಿನಿಂದ ಮೀಟುವಾಗ ಬೇಕೆಂದೇ ಅಪಶ್ರುತಿ ಮಾಡಿದ್ದಾರೆ. ಮೊದಲ ಸಲ ಕೇಳಿದಾಗ ನನ್ನ ಕೈ ತಾನಾಗಿ ಬಿರಡೆಯ ಕಡೆಗೆ ಹೋಯಿತು, ಎದುರಿಗೆ ವೀಣೆಯೇ ಇರಲಿಲ್ಲ! ಎರಡನೆಯ ಸಲ ಗೊತ್ತಾಯಿತು. ಮಳೆಗಾಲದಲ್ಲಿ ಬಳಸದೆ ಮೂಲೆಯಲ್ಲಿಟ್ಟ ವಾದ್ಯದ ಶ್ರುತಿ ಕೆಟ್ಟು ಬರುವ ಸದ್ದು ಅದು. ಇನ್ನೂರು ವರ್ಷದ ಆಚೆ ಯಾರೋ ಆ ವಾದ್ಯವನ್ನು ಕೈಗೆತ್ತಿಕೊಂಡಿದ್ದಾರೆ, ಶ್ರುತಿ ಮಾಡಲು ಅವರಿಗೆ ಬಾರದು, ಧಾಟಿ ಮಾತ್ರ ನೆನಪಿದೆ. ಇದನ್ನು ಯಾವ ಲ್ಯಾಪ್‌ಟಾಪೂ ಹೇಳಿದ್ದಲ್ಲ. ಬೆರಳು ಹೇಳಿದ್ದು.

ಮತ್ತೆ ಒಂದು ಮಾತು: ಅದನ್ನು ವಯಲಿನ್ ಎನ್ನಬೇಡಿ. ಫೋರ್ಡ್ ತೋಟದಲ್ಲಿ ನುಡಿಯುವುದು ಅವರ ಭಾಷೆಯಲ್ಲಿ ಫಿಡ್ಲ್. ನಮ್ಮ ಅಜ್ಜಂದಿರು ಅದರಿಂದಲೇ ‘ಪಿಟೀಲು’ ಮಾಡಿಕೊಂಡರು. ಹೇಳುವ ಬಾಯಿ ಬೇರೆಯಾದರೂ ವಾದ್ಯ ಒಂದೇ, ಆದರೆ ವಯಲಿನ್ ಎಂದಾಗ ಕೋಟು ಹಾಕಿಕೊಂಡಂತೆ, ಪಿಟೀಲು ಎಂದಾಗ ಜಗಲಿಯ ಮೇಲೆ ಕುಳಿತಂತೆ. ಪಿಟೀಲು ಚೌಡಯ್ಯನವರು ಮೈಕು ಇಲ್ಲದ ಸಭೆಯ ಕೊನೆಯ ಸಾಲಿಗೂ ಕೇಳಲಿ ಎಂದು ಏಳು ತಂತಿ ಕಟ್ಟಿಕೊಂಡರು. ಅದೂ ಒಂದು ಥರದ ಆಂಪ್ಲಿಫೈಯರ್ ಅಲ್ಲವೇ?

ಹಳೆಯ ರೇಡಿಯೊ

ಪಿಟೀಲಿನ ಮಾತು ಒಪ್ಪಿದೆ ಅಮ್ಮ. ಹೆನ್ರಿ ಫೋರ್ಡ್ ಸ್ವತಃ ಪಿಟೀಲಿನ ಹುಚ್ಚಿನವರು. ಹಳ್ಳಿಯ ಕುಣಿತ ಸಾಯುತ್ತಿದೆ ಎಂದು ಮರುಗಿ 1920ರ ದಶಕದಲ್ಲಿ ಪಿಟೀಲು ಸ್ಪರ್ಧೆಗಳಿಗೆ ಬೆನ್ನುತಟ್ಟಿದರು. ಹಳ್ಳಿ ಖಾಲಿಯಾಗಲು ಅವರ ಕಾರೇ ಒಂದು ಕಾರಣ ಎಂಬುದು ಬೇರೆ ಮಾತು. ಇನ್ನೊಂದು: 1896ರ ಆ ಮೊದಲ ಗಾಡಿ ತೋಟದಲ್ಲಿ ಹುಟ್ಟಲಿಲ್ಲ, ಡೆಟ್ರಾಯಿಟ್ ನಗರದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹುಟ್ಟಿತು. ಗಾಡಿ ಸಿದ್ಧವಾದ ಮೇಲೆ ನೋಡಿದರೆ ಬಾಗಿಲಿಗಿಂತ ಅಗಲ! ಕೊಡಲಿ ತಂದು ಇಟ್ಟಿಗೆ ಗೋಡೆ ಒಡೆದರು. ಬೇಟ್ಸ್ ಆ ಕೊಡಲಿಯನ್ನು ತಾಳವಾದ್ಯಗಳ ಪಟ್ಟಿಗೆ ಸೇರಿಸಬಹುದಿತ್ತು.

ನನ್ನ ದೊಡ್ಡ ತಕರಾರು ಮೂರನೆಯ ಭಾಗದ ಹೆಸರು. ಶಿನ್‌ಜಿಯಾಂಗ್ ಬರೀ ಪಾಳುಭೂಮಿಯೇ? ಅಲ್ಲಿನ ವೀಗರ್ ಜನರಿಗೆ ಗಂಟೆಗಟ್ಟಲೆ ನಡೆಯುವ ಮುಕಾಮ್ ಪರಂಪರೆ ಇದೆ, ಯುನೆಸ್ಕೊ 2005ರಲ್ಲೇ ಅದನ್ನು ಗುರುತಿಸಿದೆ. ಹಾಡು, ಕುಣಿತ, ತಂತಿ, ದಫ್ ಎಲ್ಲ ಸೇರಿದ ಸಂಗೀತ ಅದು. ಅಂಥ ನೆಲದಲ್ಲಿ 2112ರಲ್ಲಿ ಒಂಟಿ ಕೊಳಲು ಏನು ಹಾಡುತ್ತದೆ? ಅಮೆರಿಕದ ಪಿಟೀಲಿನ ಧಾಟಿ, ಸೊಟ್ಟಗಾಗಿ. ದುರಂತ ಎಂದರೆ ಚೀನಾಕ್ಕೆ ಹಂಚುವುದು, ಮುಗ್ಧತೆ ಎಂದರೆ ಕೊನೆಯಲ್ಲಿ ದೂರದಿಂದ ಕೂಗುವ ಬುಡಕಟ್ಟಿನ ದನಿಗಳಿಗೆ ಹಂಚುವುದು. ಲ್ಯಾಪ್‌ಟಾಪ್ ಹೊಸದು, ಕಲ್ಪನೆ ಹಳೆಯದು.

ಅರೋರಾದ ಕನ್ನಡಿಗ

ಇದಕ್ಕೆ ನನ್ನ ಹತ್ತಿರ ಪ್ರತಿವಾದ ಇಲ್ಲ. ಕಥೆ ಓದದೆ ಕೇಳಿದರೆ ಆ ಕೊಳಲು ಇಡೀ ಕೃತಿಯ ಅತ್ಯಂತ ಒಳ್ಳೆಯ ಜಾಗ. ಕಥೆ ಓದಿ ಕೇಳಿದರೆ ನೀವು ಹೇಳಿದ್ದು ಮುಳ್ಳಿನಂತೆ ಚುಚ್ಚುತ್ತದೆ. ನಾನು 12 ವರ್ಷ ಅದನ್ನು ಗಮನಿಸಿರಲೇ ಇಲ್ಲ.

ಸುಮ್ಮನೆ ಓದುವವನು

ನಮ್ಮಲ್ಲಿ ಯಾರಾದರೂ ಬರೆದರೆ ಭಾಗಗಳ ಹೆಸರು ಸಿದ್ಧವಿದೆ: ‘ಶಿವನಸಮುದ್ರ, 1902’, ‘ಕೈಗಾ’, ‘ಪಾವಗಡದ ಬಿಸಿಲು’. ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹೋಗಿ ಕೋಲಾರದ ಚಿನ್ನದ ಗಣಿಗೆ ಮುಟ್ಟಿತ್ತು. ಕೊನೆಯ ಭಾಗ ‘ಲೋಡ್ ಶೆಡ್ಡಿಂಗ್’, ಪೂರ್ತಿ ನಿಶ್ಶಬ್ದ. ನುಡಿಸಲು ಅಭ್ಯಾಸವೂ ಬೇಡ.

ಧ್ವನಿಮುದ್ರಕ

ಓದುವವನು ಅವರೇ, ಮೊದಲ ಮೂರು ಭಾಗಕ್ಕೆ ಸದ್ದು ಮುದ್ರಿಸಿಕೊಡಲು ನಾನು ಬರುತ್ತೇನೆ, ಪೆಟ್ರೋಲ್ ನಿಮ್ಮದು.

ಕನ್ನಡಿಗರೇ, ಮಗಳ ಪ್ರಶ್ನೆಗೆ ಮರಳೋಣ. ಉತ್ತರ ಹೊಳೆಯದ ಆ ಮೂರು ಜಾಗ ಯಾವುವು? ಈ ಕೃತಿಗೆ ಮುಟಿಯವರ ಶಿಕಾಗೊ ಮುದ್ರಣವೂ ಇದೆ, ಮೈಕಲ್ ಟಿಲ್ಸನ್ ಥಾಮಸ್ ಅವರ ಸ್ಯಾನ್ ಫ್ರಾನ್ಸಿಸ್ಕೊ ಮುದ್ರಣವೂ ಇದೆ, ಎರಡನೆಯದು 2016ರ ಆಲ್ಬಂ. ನಿನ್ನೆ ಎರಡನ್ನೂ ಹೆಡ್‌ಫೋನಿನಲ್ಲಿ ಕೇಳಿದೆ. ಮೊದಲ ಭಾಗದಲ್ಲಿ ಪಿಟೀಲಿನ ಹಿಂದೆ ಬರುವ ನೆರಳು ನನಗೂ ಮೋಸ ಮಾಡಿತು. ಪ್ರತಿಧ್ವನಿಯ ಯಂತ್ರ ಹಾಕಿದ್ದಾರೆ ಎಂದುಕೊಂಡಿದ್ದೆ. ಬಹುಪಾಲು ಉಳಿದ ತಂತಿವಾದ್ಯಗಳೇ ಮೆಲ್ಲಗೆ ಅದೇ ಧಾಟಿಯನ್ನು ಹಿಂಬಾಲಿಸುತ್ತಿವೆ. ಮನುಷ್ಯರು ಯಂತ್ರದ ವೇಷ ಹಾಕಿದ್ದಾರೆ!

ಅರೋರಾದ ಕನ್ನಡಿಗ

ಅದು ಒಂದನೆಯದು, ಸರಿಯಾಗಿ ಹಿಡಿದಿರಿ. ಎರಡನೆಯದು ಗುಜರಿಯ ಬಡಿತ. ನಿಜವಾದ ಲೋಹದ ತುಂಡುಗಳು ಎಲ್ಲಿ ಮುಗಿದು ಸ್ಪೀಕರ್ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುವುದಿಲ್ಲ. ಮೂರನೆಯದು ಕೊನೆಯ ಹಕ್ಕಿಗಳು. ಹಕ್ಕಿಯ ಕೂಗೂ ಹ್ಯಾಂಡಲ್ ಲಯದಲ್ಲೇ ಇದೆ, ನಿಧಾನದಿಂದ ಬಿರುಸಿಗೆ. ಅಲ್ಲಿ ಸ್ಪೀಕರ್ ಕೂಗುತ್ತದೆ, ಮರದ ವಾದ್ಯ ಉತ್ತರ ಕೊಡುತ್ತದೆ. ಮಗಳಿಗೆ ಈ ಮೂರನ್ನೂ ಹೇಳಿದೆ. “ಹಾಗಾದರೆ ಗೊತ್ತಾಗದ ಕಡೆಯೇ ಚೆನ್ನಾಗಿದೆ ಅಲ್ಲವೇ?” ಎಂದಳು.

ತನಿಯಾವರ್ತನ

ನಾನೂ ಕೊನೆಗೆ ಎರಡನೆಯ ಭಾಗವನ್ನು ತಾಳ ಹಾಕಿಕೊಂಡು ನಾಲ್ಕು ಸಲ ಕೇಳಿದೆ. ಬೀಟಿನಲ್ಲಿ ಕಾರ್ವೆ ಇಲ್ಲ ಎಂಬ ನನ್ನ ಮಾತು ಹಾಗೇ ಇರಲಿ. ಆದರೆ ಹಿತ್ತಾಳೆ ವಾದ್ಯದವರು ಬೀಟಿನ ಮೇಲೆ ಬೀಳುವುದಿಲ್ಲ, ಅದರ ಹಿಂದೆ ಮುಂದೆ, ಎತ್ತಿಕೊಳ್ಳುವ ಜಾಗವಾದ ಎಡಪಿನ ಪಕ್ಕದಲ್ಲಿ ಬೀಳುತ್ತಾರೆ. ತಾಳ ಅಲ್ಲಾಡದಿದ್ದರೆ ಅದರ ಮೇಲೆ ಆಟ ಆಡಬಹುದು ಎಂಬುದು ನಮಗೂ ಗೊತ್ತಿರುವ ವಿಷಯವೇ, ಕೈಯಲ್ಲಿ ತಾಳ ಹಾಕುವವರು ಸ್ಥಿರವಾಗಿದ್ದರೆ ತಾನೇ ಮೃದಂಗದವನಿಗೆ ಧೈರ್ಯ. ಆದರೂ ಆ ಪೆನ್‌ಡ್ರೈವ್ ಕಾರ್ಯಕ್ರಮದವರು ಮತ್ತೆ ಕರೆದರೆ ಹೋಗುವುದಿಲ್ಲ.

ಅಡಿಕೆ ತೋಟದ ಅಣ್ಣನವರೇ, ನಿಮ್ಮ ಎಂಜಿನ್ನಿನ ಸದ್ದನ್ನು ಒಮ್ಮೆ ಮೊಬೈಲಿನಲ್ಲಿ ಮುದ್ರಿಸಿ ಇಲ್ಲಿ ಹಾಕುತ್ತೀರಾ? ಲಿವರ್ ಬಿಡುವ ಜಾಗದ ಲೆಕ್ಕ ಬೇಕಾಗಿತ್ತು.

ಅಡಿಕೆ ತೋಟ

ಇವತ್ತು ಬೆಳಿಗ್ಗೆ ಮುದ್ರಿಸಿದೆ. 41 ಸೆಕೆಂಡ್ ಇದೆ. ಮಗ ಮೊಬೈಲ್ ಹಿಡಿದಿದ್ದ, ನಾನು ಹ್ಯಾಂಡಲ್ ಹಿಡಿದೆ. ಮೊದಲ ಸಲ ಹೊತ್ತಿಕೊಳ್ಳಲಿಲ್ಲ, ಎರಡನೆಯ ಸಲ ಹೊತ್ತಿತು, ಎರಡೂ ಅದರಲ್ಲೇ ಇವೆ. ನಡುವೆ ದಾಸವಾಳದ ಗಿಡದಿಂದ ಮಡಿವಾಳ ಹಕ್ಕಿ ಎರಡು ಸಲ ಕೂಗಿಬಿಟ್ಟಿದೆ. ಅದನ್ನು ಕತ್ತರಿಸಿ ತೆಗೆಯಲು ಬರುತ್ತದಂತೆ, ಮಗ ಕೇಳುತ್ತಿದ್ದಾನೆ. ತೆಗೆಸಲೇ?

ಧ್ವನಿಮುದ್ರಕ

ಮುಟ್ಟಬೇಡಿ. ಹಾಗೆಯೇ ಕಳುಹಿಸಿ.